ಉಪ್ಪಾಗೆ ಹಣ್ಣಾಗುವವರೆಗೆ ಕಾಯುವುದು ಹೇಗೆ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕಿನಲ್ಲಿ ಘಟ್ಟದ ಅಂಚಿನ ಊರು. ನಮ್ಮ ಸ್ವಸಹಾಯ ಸಂಘದಲ್ಲಿ 14 ಹೆಂಗಸರಿದ್ದೇವೆ. ಗದ್ದೆ ನೆಟ್ಟಿ ಮುಗಿದ ಮೇಲೆ ಕೂಲಿ ಸಿಗುವುದು ಕಡಿಮೆ. ಆ ಹೊತ್ತಿನಲ್ಲಿ ಕಾಡಿನ ಹುಳಿ ಹಣ್ಣು ಉಪ್ಪಾಗೆ, ಅದಕ್ಕೂ ಮುಂಚೆ ಮುರುಗಲು (ಕೋಕಂ) ಕೊಯ್ದು, ಸಿಪ್ಪೆ ಒಣಗಿಸಿ, ಒಟ್ಟಿಗೆ ಮಾರೋಣ ಎಂದುಕೊಂಡಿದ್ದೇವೆ. ಕಾಡು ಹಾಳಾಗಬಾರದು ಎಂದು ಎಲ್ಲರಿಗೂ ಇದೆ. ಒಂದು ಮರದಿಂದ ಎಷ್ಟು ಪಾಲು ಕೊಯ್ದರೆ ತೊಂದರೆಯಿಲ್ಲ? ಇನ್ನೊಂದು ಕಷ್ಟವೂ ಇದೆ. ನಾವು ಹಣ್ಣಾಗಲಿ ಎಂದು ಕಾದರೆ ಬೇರೆಯವರು ಕಾಯಿಯನ್ನೇ ಬಡಿದು ಒಯ್ಯುತ್ತಾರೆ. ಆಮೇಲೆ ನಮಗೆ ಏನೂ ಉಳಿಯುವುದಿಲ್ಲ. ಏನು ಮಾಡಬೇಕು? ಉಪ್ಪಿನಕಾಯಿಗೆ ಹಾಕುವ ಕಾಡು ಮಾವಿನ ಅಪ್ಪೆಮಿಡಿಯನ್ನೂ ಸೇರಿಸಿಕೊಳ್ಳಬಹುದಾ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಮೂರರಲ್ಲಿ ನಡುವಿನದೇ ದೊಡ್ಡದು. ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ಅರ್ಧ ಬಗೆಹರಿಯುತ್ತದೆ. ಆದರೂ ನೀವು ಕೇಳಿದ ಕ್ರಮದಲ್ಲೇ ಹೋಗೋಣ.

ಎಷ್ಟು ಕೊಯ್ಯಬಹುದು ಎಂಬುದಕ್ಕೆ ಒಂದು ಅಂಕಿ ಹೇಳಿ ಮುಗಿಸಬಹುದಿತ್ತು. ಆದರೆ ಬರೀ ಅಂಕಿಯಿಂದ ನಿಮ್ಮ ಕಾಡು ಉಳಿಯುವುದಿಲ್ಲ. ಉಪ್ಪಾಗೆ ಹತ್ತಾರು ವರ್ಷ ಬದುಕುವ ಮರ. ತನ್ನ ಆಯುಷ್ಯದಲ್ಲಿ ಸಾವಿರಾರು ಬೀಜ ಉದುರಿಸುತ್ತದೆ. ಅವುಗಳಲ್ಲಿ ಒಂದೋ ಎರಡೋ ಮರವಾಗಿ ನಿಂತರೂ ಸಾಕು, ಆ ಜಾಗದಲ್ಲಿ ಉಪ್ಪಾಗೆ ಉಳಿಯುತ್ತದೆ. ಹಾಗಾಗಿ ಒಂದು ವರ್ಷ ಹಣ್ಣು ಜಾಸ್ತಿ ಕೊಯ್ದರೆ ಮರಗಳು ನಾಶವಾಗುವುದಿಲ್ಲ. ಬೆಳೆದು ನಿಂತ ಒಂದು ಮರ ಬಿದ್ದರೆ, ತೋಳು ದಪ್ಪದ ಎಳೆಯ ಮರಗಳನ್ನು ಸೌದೆಗೆ ಕಡಿದರೆ, ಆ ಜಾಗ ತುಂಬಲು ದಶಕಗಳೇ ಬೇಕು. ಹಣ್ಣಿಗಿಂತ ಮರ ಮುಖ್ಯ, ಮರಕ್ಕಿಂತಲೂ ಮರವಾಗಲು ಹೊರಟಿರುವ ಎಳೆಯ ಗಿಡಗಳನ್ನು ನಾವು ಹೆಚ್ಚು ಮರೆಯುತ್ತೇವೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿಯ ವಿಷಯದಲ್ಲಿ ಏನಾಯಿತು ನೋಡಿ. ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ತಲೆಮಾರುಗಳಿಂದ ನೆಲ್ಲಿಕಾಯಿ ಕೊಯ್ಯುತ್ತಿದ್ದರು, ಬುಡಕಟ್ಟಿನವರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕೊಡುತ್ತಿದ್ದರು. ಇಷ್ಟೊಂದು ಕಾಯಿ ಹೊರಗೆ ಹೋದರೆ ನೆಲ್ಲಿ ಮರಗಳೇ ಇಲ್ಲವಾಗುತ್ತವೆ ಎಂಬ ಭಯ ಹಲವರಿಗಿತ್ತು. ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯವರು ಸೋಲಿಗರ ಜೊತೆ ಸೇರಿ ವರ್ಷಗಟ್ಟಲೆ ಮರ, ಕಾಯಿ, ಸಸಿ ಎಣಿಸಿದರು. ನೆಲ್ಲಿಗೆ ನಿಜವಾದ ಪೆಟ್ಟು ಬಿದ್ದಿದ್ದು ಕಾಯಿ ಕೊಯ್ಲಿಗಿಂತ ಹೆಚ್ಚಾಗಿ ಕೊಂಬೆಗೆ ಹತ್ತಿ ಮರದ ಸಾರ ಹೀರುವ ಬಂದಳಿಕೆಯಿಂದ, ನೆಲವನ್ನೆಲ್ಲ ಮುಚ್ಚಿದ ಲಂಟಾನ ಕಳೆಯಿಂದ ಎಂದು ಗೊತ್ತಾಯಿತು. ಬೇಸಿಗೆಯ ಸಣ್ಣ ತರಗು ಬೆಂಕಿ ನಿಂತ ಮೇಲೆಯೇ ಇದೆಲ್ಲ ಜಾಸ್ತಿಯಾಯಿತು ಎಂದು ಸೋಲಿಗರು ಮೊದಲಿನಿಂದಲೂ ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಕಾನೂನು ಬದಲಾಗಿ ಅಭಯಾರಣ್ಯದಲ್ಲಿ ಮಾರಾಟಕ್ಕೆ ಕೊಯ್ಯುವುದೇ ನಿಂತುಹೋಯಿತು. ಕೊಯ್ಲು ನಿಂತಿತೇ ಹೊರತು ಬಂದಳಿಕೆಯೂ ನಿಲ್ಲಲಿಲ್ಲ, ಲಂಟಾನವೂ ನಿಲ್ಲಲಿಲ್ಲ. 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಕೊಯ್ಯುವವರನ್ನು ಹೊರಗಿಟ್ಟರೆ ಮರ ಉಳಿಯುತ್ತದೆ ಎಂದು ನಾನು ನಂಬುವುದಿಲ್ಲ. ಮರವನ್ನು ದಿನಾ ನೋಡುವವರು ಅವರೇ ಅಲ್ವಾ?

ಈಗ ನಿಮ್ಮ ಉಪ್ಪಾಗೆಗೆ ಬರೋಣ. ನಿಮ್ಮ ಕಾಡಿನಲ್ಲಿ ಬಂದಳಿಕೆಯ ಸ್ಥಾನದಲ್ಲಿ ಇರುವುದು ಸೌದೆ. ಉಪ್ಪಾಗೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಜಡಿಯುವ ಹೊತ್ತಿನಲ್ಲೇ. ಘಟ್ಟದಲ್ಲಿ ಆಗ ಸೂರ್ಯನ ಮುಖ ಕಾಣುವುದೇ ಅಪರೂಪ. ರಸ ತುಂಬಿದ ಸಿಪ್ಪೆಯನ್ನು ಹಾಗೇ ಬಿಟ್ಟರೆ ಎರಡೇ ದಿನಕ್ಕೆ ಬೂಸಲು. ಹಾಗಾಗಿ ಬಿದಿರಿನ ತಟ್ಟಿಯ ಮೇಲೆ ಹರಡಿ, ಕೆಳಗೆ ಹಗಲೂ ರಾತ್ರಿ ಬೆಂಕಿ ಹಾಕುತ್ತಾರೆ. ಬೆಂಕಿ ತೆರೆದದ್ದು. ಶಾಖದಲ್ಲಿ ಹೆಚ್ಚಿನದು ಗಾಳಿಗೆ ಹೋಗುತ್ತದೆ. ಉಪ್ಪಾಗೆ ಸುಗ್ಗಿ ಜೋರಾಗಿದ್ದ ವರ್ಷಗಳಲ್ಲಿ ಒಂದೊಂದು ಮನೆಯ ಮುಂದೆ ಬಿದ್ದಿರುತ್ತಿದ್ದ ಸೌದೆ ರಾಶಿಯನ್ನು ನಾನು ನೋಡಿದ್ದೇನೆ. ಒಣಗಿದ್ದು ಮುಗಿದ ಮೇಲೆ ಹಸಿ ಮರವನ್ನೇ ಕಡಿದು ತಂದದ್ದನ್ನೂ ನೋಡಿದ್ದೇನೆ. ಅದರಲ್ಲಿ ಉಪ್ಪಾಗೆಯ ಎಳೆ ಮರಗಳೂ ಇದ್ದವು. ಹಣ್ಣಿನಲ್ಲಿ ಕಾಲು ಪಾಲನ್ನು ಪ್ರಾಣಿಗಳಿಗೆ ಬಿಟ್ಟು, ಉಳಿದದ್ದನ್ನು ಒಣಗಿಸಲು ಆ ಕಾಡನ್ನೇ ಸುಟ್ಟರೆ ಏನು ಉಳಿಸಿದ ಹಾಗಾಯಿತು?

ಆದ್ದರಿಂದ ನಿಮ್ಮ ಸಂಘದ ಪುಸ್ತಕದಲ್ಲಿ ಮೊದಲು ಬರೆದಿಡಬೇಕಾದ ಲೆಕ್ಕ ಇದು: ಒಂದು ಕಿಲೋ ಒಣ ಸಿಪ್ಪೆಗೆ ಎಷ್ಟು ಕಿಲೋ ಸೌದೆ ಹೋಯಿತು? ಮೊದಲ ವರ್ಷ ಸುಮ್ನೆ ತೂಗಿ ಬರೆಯಿರಿ. ಎರಡನೇ ವರ್ಷ ಅದನ್ನು ಇಳಿಸಲು ನೋಡಿ.

ಇನ್ನು ಯಾರು ಮೊದಲು ಕೊಯ್ಯುತ್ತಾರೆ ಎಂಬ ಓಟದ ವಿಷಯ. ನೀವು ಕಾದರೆ ಬೇರೆಯವರು ಒಯ್ಯುತ್ತಾರೆ. ಅವರೂ ನಿಮ್ಮ ಬಗ್ಗೆ ಹೀಗೇ ಅಂದುಕೊಂಡಿರುತ್ತಾರೆ. ಹೀಗಾಗಿ ಒಂದು ವರ್ಷ ಜುಲೈನಲ್ಲಿ ಕೊಯ್ದದ್ದನ್ನು ಮರುವರ್ಷ ಜೂನ್ ಕೊನೆಗೆ, ಅದರ ಮರುವರ್ಷ ಮೇ ಕೊನೆಗೆ ಬಡಿಯುತ್ತಾರೆ. ಎಳೆಯ ಕಾಯಿಯಲ್ಲಿ ಸಿಪ್ಪೆ ತೆಳು, ತೂಕ ಕಡಿಮೆ. ಬೀಜ ಬಲಿತಿರುವುದಿಲ್ಲ, ಹಾಗಾಗಿ ಬೀಜದ ಕೊಬ್ಬಿನಿಂದ ತೆಗೆಯುವ ಉಪ್ಪಾಗೆ ತುಪ್ಪವೂ ಇಲ್ಲ, ಸಸಿಯೂ ಇಲ್ಲ. ಕಾಯಿ ಸುಲಭಕ್ಕೆ ಉದುರುವುದಿಲ್ಲ ಎಂದು ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಎಲ್ಲರಿಗೂ ನಷ್ಟ. ಯಾರಿಗೂ ಇದು ಗೊತ್ತಿಲ್ಲ ಎಂದಲ್ಲ. ಗೊತ್ತಿದ್ದೂ ನಿಲ್ಲಿಸಲಾಗುವುದಿಲ್ಲ, ಅಷ್ಟೇ.

ಇದೇ ಊರುಗಳಲ್ಲಿ ಸೊಪ್ಪಿನ ಬೆಟ್ಟದ ಮರಗಳನ್ನು ನೋಡಿ. ತೋಟಕ್ಕೆ ಸೊಪ್ಪು ತರಲೆಂದು ಒಂದೊಂದು ಮನೆಗೆ ಗೊತ್ತುಮಾಡಿದ ಜಾಗ ಅದು. ಅಲ್ಲಿಯ ಉಪ್ಪಾಗೆಯನ್ನು ಸಾಮಾನ್ಯವಾಗಿ ಹಣ್ಣಾದ ಮೇಲೆಯೇ ಕೊಯ್ಯುತ್ತಾರೆ. ಅದು ಯಾರ ಬೆಟ್ಟ ಎಂದು ಊರಿಗೆಲ್ಲ ಗೊತ್ತು, ಇನ್ನೊಬ್ಬರು ಕೈ ಹಾಕುವುದಿಲ್ಲ. ಬೇಲಿ ದಾಟಿ ಅರಣ್ಯಕ್ಕೆ ಹೋದರೆ ಅದೇ ಜನ, ಅದೇ ಮರ, ಆದರೆ ಕಾಯಿ ಹಸಿರಿರುವಾಗಲೇ ಖಾಲಿ. ಜನ ದುರಾಸೆಯವರು ಎಂದು ಬೈಯುವವರಿಗೆ ನಾನು ಈ ಎರಡು ಜಾಗ ತೋರಿಸುತ್ತೇನೆ. ನಾಳೆಯೂ ಈ ಹಣ್ಣು ನನಗೆ ಸಿಗುತ್ತದೆ ಎಂಬ ಭರವಸೆ ಇದ್ದರೆ ಯಾರಾದರೂ ಕಾಯುತ್ತಾರೆ.

ಆ ಭರವಸೆಯನ್ನು ಕಾಡಿನಲ್ಲಿ ಹೇಗೆ ತರುವುದು? ಕಾವಲು ಹಾಕಿ ಎಂದು ಹೇಳುವುದಿಲ್ಲ. 14 ಹೆಂಗಸರು ಮಳೆಯಲ್ಲಿ ಕಾಡು ಕಾಯಲು ಆಗುತ್ತದೆಯೇ? ಜಗಳ ಮಾಡಿ ಎಂದೂ ಹೇಳುವುದಿಲ್ಲ. ನನ್ನ ಸಲಹೆ ಬೇರೆ. ಹಣ್ಣು ಕೊಯ್ಯುವ ಸಂಘ ಆಗಬೇಡಿ, ಹಣ್ಣು ಒಣಗಿಸುವ ಸಂಘ ಆಗಿ. ಊರಿಗೆ ಒಂದೇ ಒಳ್ಳೆಯ ಒಣಗಿಸುವ ಮನೆ ಕಟ್ಟಿ. ನೀವು ಕೊಯ್ದದ್ದು ಮಾತ್ರವಲ್ಲ, ಅಕ್ಕಪಕ್ಕದ ಕೇರಿಯವರು ತಂದದ್ದನ್ನೂ ಹಸಿ ಹಣ್ಣಾಗಿಯೇ ಕೊಳ್ಳಿ. ಷರತ್ತು ಒಂದೇ: ಹಳದಿ ತಿರುಗಿದ ಹಣ್ಣು ಮಾತ್ರ. ಹಸಿರು ಕಾಯಿಗೆ ತಕ್ಕಡಿಯೇ ಇಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಎಂದರೆ, ಒಣಗಿದ ಮೇಲೆ ಎಲ್ಲ ಸಿಪ್ಪೆಯೂ ಕಪ್ಪಗೆ ಒಂದೇ ಥರ ಕಾಣುತ್ತದೆ. ಪೇಟೆಯ ವ್ಯಾಪಾರಿಗೆ ಹಣ್ಣು ಯಾವುದು, ಕಾಯಿ ಯಾವುದು ಎಂದು ನೋಡುವ ಗರಜಿಲ್ಲ. ಹಸಿಯಾಗಿದ್ದಾಗ ಮಾತ್ರ ಅದು ಯಾರ ಕಣ್ಣಿಗಾದರೂ ಕಾಣುತ್ತದೆ. ಇನ್ನೊಂದು ಕಾರಣ, ಕಾಯಿ ಬಡಿದು ಒಯ್ಯುವವರಿಗೂ ರಾತ್ರಿಯಿಡೀ ಬೆಂಕಿ ಮುಂದೆ ಕೂರುವುದು, ಹೊಗೆ ಕುಡಿಯುವುದು, ಸೌದೆ ಹೊರುವುದು ಬೇಡವಾಗಿರುತ್ತದೆ. ಹಣ್ಣು ಕೊಟ್ಟ ತಕ್ಷಣ ಕೈಗೆ ದುಡ್ಡು ಬಂದರೆ, ಹಣ್ಣಾಗುವವರೆಗೆ ಕಾದರೆ ಬುಟ್ಟಿ ತೂಕವೂ ಬಂದರೆ, ಅವರು ಕಾಯಲು ಕಾರಣ ಸಿಗುತ್ತದೆ. ನಿಮ್ಮ ಎದುರಾಳಿಗಳು ನಿಮ್ಮ ಸರಬರಾಜುದಾರರಾಗುತ್ತಾರೆ. ಹತ್ತು ಮನೆಯ ಹತ್ತು ಬೆಂಕಿ ಒಂದು ಬೆಂಕಿಯಾಗುತ್ತದೆ. ಸೌದೆಯ ಸಮಸ್ಯೆ, ಓಟದ ಸಮಸ್ಯೆ ಎರಡಕ್ಕೂ ಒಂದೇ ಸೂರಿನ ಕೆಳಗೆ ಪರಿಹಾರ ಸಿಗುವುದು ಹೀಗೆ.

ಕೊಯ್ಲಿನ ದಿನವನ್ನು ಊರೇ ಗೊತ್ತುಮಾಡಲಿ. ತಾರೀಖು ಹಿಡಿದು ಮಾಡಬೇಡಿ, ಮಳೆ ಒಂದು ವರ್ಷ ಮುಂದೆ, ಒಂದು ವರ್ಷ ಹಿಂದೆ. ಬೇರೆ ಬೇರೆ ದಿಕ್ಕಿನಲ್ಲಿ ಹತ್ತು ಮರ ಗುರುತಿಸಿ. ಅದರಲ್ಲಿ ಐದಾರು ಮರದ ಕೆಳಗೆ ಹಳದಿ ಹಣ್ಣು ತಾನಾಗಿ ಬೀಳಲು ಶುರುವಾದ ದಿನ ತಕ್ಕಡಿ ತೆರೆಯಿರಿ. ಈ ಮಾತು ಸಂಘದ ಠರಾವಿನಲ್ಲಷ್ಟೇ ಇದ್ದರೆ ಸಾಲದು. ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಸಭೆಯಲ್ಲಿ, ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಆಗಲಿ. ಕೊಯ್ಯಲು ಹೋಗುವ ಗಂಡಸರೂ ಹುಡುಗರೂ ಅಲ್ಲಿರಬೇಕು.

ಒಣಗಿಸುವ ಮನೆ ಎಂದರೆ ದೊಡ್ಡ ಯಂತ್ರ ಎಂದುಕೊಳ್ಳಬೇಡಿ. ಅಸ್ತ್ರ ಒಲೆ ನಿಮ್ಮಲ್ಲಿ ಹಲವರ ಅಡುಗೆಮನೆಯಲ್ಲಿ ಇದ್ದಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಒಲೆ ಅದು. ಬೆಂಕಿಯನ್ನು ಮುಚ್ಚಿಡು, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸು, ಶಾಖವನ್ನು ಹಿಡಿದಿಡು ಎಂಬುದೇ ಅದರ ತತ್ವ. ಇಲ್ಲಿಯೂ ಅದೇ. ಕೆಳಗೆ ಮುಚ್ಚಿದ ಬೆಂಕಿಗೂಡು. ಹೊಗೆ ಒಂದು ಕೊಳವೆಯಲ್ಲಿ ಸುತ್ತಿ ಹೊರಗೆ ಹೋಗಬೇಕು. ಕೊಳವೆಗೆ ತಾಗಿ ಬಿಸಿಯಾದ ಗಾಳಿ ಮೇಲೆ ಏರುತ್ತಾ ತಟ್ಟಿಗಳ ಮೂಲಕ ಹಾದು ಹೋಗಬೇಕು. ಸುತ್ತ ಮಣ್ಣಿನದೋ ಇಟ್ಟಿಗೆಯದೋ ಗೋಡೆ, ಮೇಲೆ ತೇವ ಹೊರಗೆ ಹೋಗಲು ಕಿಂಡಿ. ಕಿಂಡಿಯನ್ನು ಮರೆಯಬೇಡಿ. ಅದನ್ನು ಮುಚ್ಚಿ ಸಿಪ್ಪೆ ಬೆಂದುಹೋದ ಮನೆಗಳಿವೆ. ಕಟ್ಟುವ ಮೊದಲು ಏಲಕ್ಕಿ ಒಣಗಿಸುವವರ ಗೂಡು ನೋಡಿ ಬನ್ನಿ. ಅನುಭವದ ಮೇಸ್ತ್ರಿ ಸಿಕ್ಕರೆ ಅವರ ಕೈಯಲ್ಲೇ ಮಾಡಿಸಿ.

ಉರುವಲಿಗೆ ಅಡಿಕೆ ಸಿಪ್ಪೆ ಬಳಸಿ. ಅಡಿಕೆ ಸುಲಿಯುವ ದಿನಗಳಲ್ಲಿ ಅದು ಪ್ರತಿ ಮನೆಯ ಹಿಂದೆ ರಾಶಿ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಒಣಗಿಸಿ, ಚೀಲ ತುಂಬಿ, ಅಟ್ಟಕ್ಕೆ ಹಾಕಿಟ್ಟರೆ ಮಳೆಗಾಲಕ್ಕೆ ಆಯಿತು. ತೆಂಗಿನ ಚಿಪ್ಪು, ಮಟ್ಟೆ, ತೋಟದಲ್ಲಿ ಬಿದ್ದ ಅಡಿಕೆ ಮರದ ತುಂಡು ಕೂಡ ಆಗುತ್ತದೆ. ಈ ಕೆಲಸ ಫೆಬ್ರವರಿಯಲ್ಲೇ ಶುರುವಾಗಬೇಕು. ಮಳೆ ಬಿದ್ದ ಮೇಲೆ ಉರುವಲು ಹುಡುಕಿದರೆ ಕೈ ಕಾಡಿಗೇ ಹೋಗುತ್ತದೆ.

ಹಣ್ಣನ್ನು ಅದರ ಗೀರುಗಳ ಉದ್ದಕ್ಕೆ ಹೋಳು ಮಾಡಿ, ಬೀಜ ತೆಗೆದು, ತಟ್ಟಿಯಲ್ಲಿ ಒಂದೇ ಪದರ ಹರಡಿ. ಎರಡು ಪದರ ಹಾಕಿದರೆ ನಡುವೆ ಬೆವರುತ್ತದೆ. ಹುಳಿ ಜೋರಾಗಿರುವುದರಿಂದ ತಾಮ್ರ, ಅಲ್ಯುಮಿನಿಯಂ, ಕಬ್ಬಿಣದ ಪಾತ್ರೆ ಬೇಡ. ಸ್ಟೀಲ್ ಅಥವಾ ಮಣ್ಣಿನದು ಇರಲಿ. ಹೋಳನ್ನು ಮಡಚಿದರೆ ಚರ್ಮದ ಹಾಗೆ ಬಾಗಬೇಕು, ಹಿಂಡಿದರೆ ರಸ ಬರಬಾರದು, ಕೈಗೆ ಅಂಟಬಾರದು. ಅಲ್ಲಿಗೆ ಒಣಗಿತು. ಮಳೆಗಾಲದ ಗಾಳಿ ತಾಗಿದರೆ ಮತ್ತೆ ಮೆತ್ತಗಾಗುತ್ತದೆ, ಆದ್ದರಿಂದ ತಣಿದ ಕೂಡಲೇ ದಪ್ಪ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಕೇರಳದಲ್ಲಿ ಒಣ ಸಿಪ್ಪೆಗೆ ಉಪ್ಪು, ಸ್ವಲ್ಪ ತೆಂಗಿನೆಣ್ಣೆ ಸವರಿ ಇಡುತ್ತಾರೆ, ಬಹಳ ದಿನ ಇರುತ್ತದೆ. ಕೊಳ್ಳುವವರು ಉಪ್ಪು ಬೇಡ ಎನ್ನಬಹುದು, ಮೊದಲೇ ಕೇಳಿಕೊಳ್ಳಿ.

ಕೊಯ್ಲಿನ ಬಗ್ಗೆ ಈಗ ನಿಮ್ಮ ಮೊದಲ ಪ್ರಶ್ನೆಗೆ ಅಂಕಿ ಕೊಡುತ್ತೇನೆ. ಇದು ನನ್ನ ಅನುಭವದ ಅಳತೆ, ಶಾಸನ ಅಲ್ಲ. ಐದು ಮರದಲ್ಲಿ ಒಂದನ್ನು ಆ ವರ್ಷ ಮುಟ್ಟಬೇಡಿ. ಮರುವರ್ಷ ಬೇರೊಂದನ್ನು ಬಿಡಿ. ಉಳಿದ ನಾಲ್ಕರಲ್ಲಿ ತುದಿಯ ಹಣ್ಣಿಗೆ ಹೋಗಬೇಡಿ. ಅದು ಸಿಂಗಳೀಕನ ಪಾಲು, ಕೆಂದಳಿಲಿನ ಪಾಲು. ನಿಮ್ಮ ತಾಲೂಕಿಗೆ ಇದು ಬರೀ ಮಾತಲ್ಲ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದು ಇರುವ ಉತ್ತರದ ತುದಿ ನಿಮ್ಮ ಕಡೆಯ ಕಾಡು. ಅದಕ್ಕೆಂದೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು, ಸುಮಾರು 300 ಚದರ ಕಿಲೋಮೀಟರ್. ಉಪ್ಪಾಗೆ ಅದರ ಇಷ್ಟದ ಊಟಗಳಲ್ಲಿ ಒಂದು. ಹಣ್ಣು ತಿಂದು ಬೀಜವನ್ನು ದೂರ ಒಯ್ದು ಹಾಕುವ ಪ್ರಾಣಿಗಳು ಇಲ್ಲದಿದ್ದರೆ ಎಲ್ಲ ಸಸಿಯೂ ತಾಯಿ ಮರದ ನೆರಳಿನಲ್ಲೇ ಮುಗಿಯುತ್ತವೆ.

ಮರ ಹತ್ತುವುದನ್ನು ಆದಷ್ಟು ಬಿಡಿ. ಮಳೆಯಲ್ಲಿ ಉಪ್ಪಾಗೆ ಮರ ಜಾರುತ್ತದೆ. ಬಿದ್ದು ಸೊಂಟ ಮುರಿದುಕೊಂಡವರನ್ನು ನೀವೂ ಕಂಡಿರುತ್ತೀರಿ. ಅಂಥ ದುಡ್ಡು ಯಾರಿಗೂ ಬೇಡ. ಹಳೆಯ ನೆರಳು ಬಲೆಯನ್ನು ಮರದ ಕೆಳಗೆ ನೆಲಕ್ಕೆ ತಾಗದಂತೆ ನಾಲ್ಕು ಮೂಲೆ ಎತ್ತಿ ಕಟ್ಟಿ. ಮಾಗಿದ ಹಣ್ಣು ತಾನೇ ಬೀಳುತ್ತದೆ. ಉಳಿದದ್ದಕ್ಕೆ ದೋಟಿ. ದಿನ ಬಿಟ್ಟು ದಿನ ಆರಿಸಿದರೆ ಕೊಳೆಯುವುದಿಲ್ಲ. ಕತ್ತಿಯನ್ನು ಮನೆಯಲ್ಲೇ ಬಿಟ್ಟು ಹೋಗಿ ಎನ್ನುವುದು ನನ್ನ ವಿನಂತಿ. ಕೈಯಲ್ಲಿ ಕತ್ತಿ ಇದ್ದರೆ ಕೊಂಬೆ ಕಡಿಯಲು ಮನಸ್ಸಾಗುತ್ತದೆ.

ಗಂಡು ಮರದ ವಿಷಯ ಬೇರೆಯಾಗಿ ಹೇಳಬೇಕು. ಉಪ್ಪಾಗೆಯಲ್ಲೂ ಮುರುಗಲಿನಲ್ಲೂ ಬರೀ ಗಂಡು ಹೂ ಬಿಡುವ ಮರಗಳಿರುತ್ತವೆ. ಅವು ಕಾಯಿ ಕಚ್ಚುವುದಿಲ್ಲ. ಹೇಗೂ ಕಾಯಿ ಬಿಡದ ಮರ ಎಂದು ಸೌದೆಗೆ ಮೊದಲು ಹೋಗುವುದು ಅವೇ. ಅವು ಹೋದರೆ ಪಕ್ಕದ ಹೆಣ್ಣು ಮರದಲ್ಲೂ ಕಾಯಿ ಇಳಿಯುತ್ತದೆ. ಒಂದೊಂದು ಗಂಡು ಮರಕ್ಕೂ ಬಣ್ಣ ಹಚ್ಚಿ ಗುರುತು ಮಾಡಿ.

ಬೀಜವನ್ನು ಪೂರ್ತಿ ತುಪ್ಪಕ್ಕೆ ಹಾಕಬೇಡಿ. ಒಳ್ಳೆ ಮರದ ಒಂದೆರಡು ಬುಟ್ಟಿ ಬೀಜ ತೆಗೆದಿಡಿ. ಬಿತ್ತುವ ಬೀಜವನ್ನು ಒಣಗಿಸಬಾರದು. ಉಪ್ಪಾಗೆ ಬೀಜ ತಾನಾಗಿ ಮೊಳೆಯಲು ಐದಾರು ತಿಂಗಳು ತೆಗೆದುಕೊಳ್ಳುತ್ತದೆ. ಮೇಲಿನ ಗಟ್ಟಿ ಸಿಪ್ಪೆಯನ್ನು ಉಗುರಿನಿಂದ ಜೋಪಾನವಾಗಿ ತೆಗೆದರೆ ಬೇಗ ಬರುತ್ತದೆ. ಒಂದಷ್ಟನ್ನು ಕಾಡಿನ ತೆರೆದ ಜಾಗದಲ್ಲಿ ಊರಿ, ಒಂದಷ್ಟನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬೆಳೆಸಿ. ಬೀಜದ ಗಿಡ ಫಲ ಕೊಡಲು ಹತ್ತು-ಹನ್ನೆರಡು ವರ್ಷ. ಹಿತ್ತಿಲಿಗೆ, ತೋಟದ ಅಂಚಿಗೆ ಹೆಣ್ಣು ಮರದ ಕುಡಿಯಿಂದ ಕಸಿ ಮಾಡಿದ ಗಿಡ ಹಾಕಿದರೆ ಮೂರು-ನಾಲ್ಕು ವರ್ಷಕ್ಕೆ ಶುರುವಾಗುತ್ತದೆ. ಕಸಿಗೆ ಕುಡಿ ತೆಗೆಯುವಾಗ ನೆಟ್ಟಗೆ ಮೇಲೆ ಹೋಗುವ ಚಿಗುರನ್ನೇ ಆರಿಸಿ. ಪಕ್ಕಕ್ಕೆ ಚಾಚಿದ ಕೊಂಬೆಯ ಕುಡಿ ತಂದರೆ ಗಿಡ ಮರವಾಗದೆ ಪೊದೆಯ ಹಾಗೆ ಹರಡಿಕೊಳ್ಳುತ್ತದೆ.

ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಮೇಲೆ, 20 ಗುರುತಿನ ಮರಗಳ ಸುತ್ತ ಹತ್ತು ಹೆಜ್ಜೆಯ ವೃತ್ತದಲ್ಲಿ ಗಿಡ ಎಣಿಸಿ. ಗೇಣುದ್ದದವು ಎಷ್ಟು, ಸೊಂಟದೆತ್ತರದವು ಎಷ್ಟು, ಆಳೆತ್ತರ ದಾಟಿದವು ಎಷ್ಟು. ಗೇಣುದ್ದದವು ಮಳೆಗಾಲ ಮುಗಿದಾಗ ಯಾವತ್ತೂ ಕಾಣುತ್ತವೆ, ಅದನ್ನು ನೋಡಿ ಸಮಾಧಾನಪಡಬೇಡಿ. ಆಳೆತ್ತರದವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೆ ಸೌದೆಗೋ ದನಕ್ಕೋ ಬೆಂಕಿಗೋ ಹೋಗುತ್ತಿವೆ ಎಂದು ಅರ್ಥ. ಹತ್ತನೇ ತರಗತಿಯ ಮಕ್ಕಳೂ ಈ ಲೆಕ್ಕ ಬರೆಯಬಲ್ಲರು. ಇಲಾಖೆಯವರು ಕೇಳಿದಾಗ ತೋರಿಸಲು ಇದಕ್ಕಿಂತ ಒಳ್ಳೆ ಕಾಗದ ಇನ್ನೊಂದಿಲ್ಲ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಿಮ್ಮ ವಲಯದ ಕಿರು ಅರಣ್ಯ ಉತ್ಪನ್ನವನ್ನು, ಅಂದರೆ ಕಾಡಿನ ಕಾಯಿ ಹಣ್ಣಿನಂಥದ್ದನ್ನು, ಟೆಂಡರ್‌ನಲ್ಲಿ ಯಾರಿಗಾದರೂ ಕೊಟ್ಟಿದ್ದಾರೆಯೇ ಎಂದು ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಕೊಟ್ಟಿದ್ದರೆ ನೀವು ಬೇರೆಯವರಿಗೆ ಮಾರುವುದು ತಕರಾರಾಗುತ್ತದೆ. ದೂರದ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಪರಂಪರೆಯಿಂದ ಕೊಯ್ಯುತ್ತ ಬಂದ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವ, ಬಳಸುವ, ಮಾರುವ ಹಕ್ಕನ್ನು ಅದು ಒಪ್ಪುತ್ತದೆ. ಸಮುದಾಯದ ಅರ್ಜಿಗೆ ನಮೂನೆ ಬಿ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ನಮೂನೆ ಸಿ, ಎರಡೂ ಗ್ರಾಮಸಭೆಯಿಂದಲೇ ಶುರುವಾಗಬೇಕು. ಪರಿಶಿಷ್ಟ ಪಂಗಡದವರಾದರೆ ಸ್ವಲ್ಪ ಸುಲಭ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಆ ಪಟ್ಟಿಯಲ್ಲಿದ್ದಾರೆ. ಉಳಿದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದು ಕಾಡನ್ನು ನೆಚ್ಚಿಕೊಂಡಿದ್ದನ್ನು ತೋರಿಸಬೇಕು. ಹಳೆಯ ಹಿರಿಯರ ಹೇಳಿಕೆಯೂ ಸಾಕ್ಷಿಯಾಗುತ್ತದೆ, ಅವರು ಇರುವಾಗಲೇ ಬರೆಸಿಕೊಳ್ಳಿ. ಇದು ನಿಧಾನದ ಕೆಲಸ. ಆದರೆ ನಾನು ಹೇಳಿದ ಆ ಸೊಪ್ಪಿನ ಬೆಟ್ಟದ ಭರವಸೆ ಕಾಡಿಗೂ ಬರಬೇಕಾದರೆ ಕೊನೆಗೆ ಇದೇ ಬೇಕು.

ಮಾರುಕಟ್ಟೆಯ ಬಗ್ಗೆ ನಿಮ್ಮನ್ನು ಎಚ್ಚರಿಸಬೇಕು. 1990ರ ದಶಕದಲ್ಲಿ ಉಪ್ಪಾಗೆಗೆ ಇದ್ದಕ್ಕಿದ್ದಂತೆ ದರ ಏರಿದ್ದು ಅಮೆರಿಕದ ತೂಕ ಇಳಿಸುವ ಮಾತ್ರೆಗಳಿಂದ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂದು ನಂಬಿದ್ದರು. 1998ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. 135 ಜನರ ಮೇಲೆ 12 ವಾರ ನಡೆದ ಪರೀಕ್ಷೆ ಅದು. ಉಪ್ಪಾಗೆ ಸಾರ ತಿಂದವರಿಗೂ ಬರೀ ಹುಸಿ ಮಾತ್ರೆ ತಿಂದವರಿಗೂ ಇಳಿದ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಂಥ ಮಾತ್ರೆ ತಿಂದ ಕೆಲವರಿಗೆ ಯಕೃತ್ತಿಗೆ ತೊಂದರೆಯಾದ ವರದಿಗಳೂ ಆಮೇಲೆ ಬಂದವು. ಅಡುಗೆಯಲ್ಲಿ ಹುಳಿಗೆ ಹಾಕುವ ಉಪ್ಪಾಗೆಗೂ ಆ ಸಾರದ ಮಾತ್ರೆಗೂ ಹೋಲಿಕೆ ಇಲ್ಲ, ಅದಕ್ಕೆ ಭಯ ಬೇಡ. ಆದರೆ ದೂರದ ದೇಶದ ಒಂದು ನಂಬಿಕೆಯ ಮೇಲೆ ನಿಂತ ದರವನ್ನು ನೆಚ್ಚಿ ಸಾಲ ಮಾಡಬೇಡಿ. ದರ ಏರಿದ ವರ್ಷಗಳಲ್ಲೇ ಮರಗಳಿಗೆ ಹೆಚ್ಚು ಏಟು ಬಿದ್ದಿದ್ದು.

ನನ್ನ ಕೇಳಿದರೆ ಅಡುಗೆಮನೆಯ ಗಿರಾಕಿಯೇ ಗಟ್ಟಿ. ಕೇರಳದ ಮೀನು ಸಾರಿಗೆ ಕುಡಂಪುಳಿ ಬೇಕೇ ಬೇಕು, ಅದು ಉಪ್ಪಾಗೆಯೇ. ಕೊಡಗಿನವರ ಪಂದಿ ಕರಿಗೆ ಕಾಚಂಪುಳಿ ಇಲ್ಲದೆ ಆಗುವುದಿಲ್ಲ, ಅದೂ ಈ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದ್ದು. ತೀರಾ ಮೆತ್ತಗಾಗಿ ಒಣಗಿಸಲು ಬಾರದ, ಆದರೆ ಕೊಳೆಯದ ಹಣ್ಣು ಅದಕ್ಕೆ ಆಗುತ್ತದೆ. ಉಪ್ಪಾಗೆ ತುಪ್ಪದ ರುಚಿ ಗೊತ್ತಿರುವ ಹಿರಿಯರು ನಿಮ್ಮ ಊರಲ್ಲೇ ಇದ್ದಾರೆ, ಅವರಿಂದ ಮಾಡುವುದನ್ನು ಕಲಿಯಿರಿ. ತಿನ್ನುವ ವಸ್ತು ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಒಣಗಿಸುವ ಮನೆಗೆ ಬಂಡವಾಳಕ್ಕೆ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಕೇಳಿ. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇಕಡಾ 35 ಸಹಾಯಧನ ಇತ್ತು, ಈಗ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ಮೊದಲ ವರ್ಷ ಮುರುಗಲಿನಿಂದ ಶುರುಮಾಡಿ ಎಂಬುದು ನನ್ನ ಸಲಹೆ. ಅದು ಏಪ್ರಿಲ್-ಮೇ ಬಿಸಿಲಿಗೇ ಹಣ್ಣಾಗಲು ತೊಡಗುತ್ತದೆ. ಮಳೆ ಹಿಡಿಯುವ ಮುಂಚೆ ಸಿಕ್ಕಿದ್ದನ್ನು ಅಂಗಳದಲ್ಲೇ ಒಣಗಿಸಬಹುದು, ಸೌದೆ ಖರ್ಚಿಲ್ಲ. ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಅದ್ದಿ ಒಣಗಿಸಿದರೆ ಆಮ್ಸೋಲ್. ಸಕ್ಕರೆ ಹಾಕಿ ಬಿಸಿಲಿಗಿಟ್ಟರೆ ಶರಬತ್ತು. ಬೀಜದಲ್ಲಿ ಸುಮಾರು ಕಾಲು ಭಾಗ ಕೊಬ್ಬಿರುತ್ತದೆ, ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ ಅದೇ. ತಕ್ಕಡಿ ಹಿಡಿಯುವುದು, ಲೆಕ್ಕ ಬರೆಯುವುದು, ಪಾಲು ಹಂಚುವುದು, ಜಗಳವಾದರೆ ಕೂತು ಮಾತಾಡುವುದು ಎಲ್ಲ ಇಲ್ಲೇ ರೂಢಿಯಾಗಲಿ. ಮುಂದಿನ ಮಳೆಗಾಲಕ್ಕೆ ಉಪ್ಪಾಗೆಗೆ ಕೈ ಹಾಕಿ.

ಅಪ್ಪೆಮಿಡಿಗೆ ನನ್ನ ಉತ್ತರ ಬೇರೆ. ಉಪ್ಪಾಗೆಯಲ್ಲಿ ಕಾದಷ್ಟೂ ಒಳ್ಳೆಯದು. ಮಿಡಿಯಲ್ಲಿ ಕಾಯುವಂತೆಯೇ ಇಲ್ಲ, ಗೊರಟು ಗಟ್ಟಿಯಾಗುವ ಮುಂಚೆಯೇ ಕೊಯ್ಯಬೇಕು. ಬಿದ್ದದ್ದು ಉಪ್ಪಿನಕಾಯಿಗೆ ಆಗುವುದಿಲ್ಲ, ತೊಟ್ಟಿನ ಸಮೇತ, ಸೊನೆ ಸುರಿಯದಂತೆ ಇಳಿಸಬೇಕು. ಅಂದರೆ ಮಿಡಿ ಕೊಯ್ದ ಮರದಿಂದ ಕಾಡಿಗೆ ಒಂದು ಬೀಜವೂ ಹೋಗುವುದಿಲ್ಲ. ಹೊಳೆ ಸಾಲಿನ ಹೆಸರುವಾಸಿ ಮರಗಳನ್ನು ವರ್ಷ ವರ್ಷ ಹೀಗೇ ಖಾಲಿ ಮಾಡುತ್ತಾರೆ. ಅವಸರಕ್ಕೆ ಕೊಂಬೆ ಕಡಿದು ಕೆಳಗೆ ಕೂತು ಮಿಡಿ ಬಿಡಿಸಿದ್ದೂ ಇದೆ. ಆದ್ದರಿಂದ ಕಾಡಿನ ಅಪ್ಪೆಮಿಡಿಯನ್ನು ನಿಮ್ಮ ವ್ಯಾಪಾರದ ಪಟ್ಟಿಗೆ ಸೇರಿಸಬೇಡಿ. ಮನೆ ಬಳಕೆಗೆ ತಂದುಕೊಳ್ಳಿ, ಆಗಲೂ ಕೊಂಬೆ ಕಡಿಯದೆ, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿ. ವ್ಯಾಪಾರಕ್ಕೆ ಕಸಿ ಗಿಡ ನೆಡಿ. ಗೊರಟಿನಿಂದ ಬಂದ ಗಿಡ ತಾಯಿಯ ಪರಿಮಳವನ್ನೇ ಕೊಡುತ್ತದೆ ಎಂದು ಹೇಳಲಾಗದು, ಕಸಿಯಲ್ಲಿ ಜೀರಿಗೆ ವಾಸನೆ ಜೀರಿಗೆ ವಾಸನೆಯಾಗಿಯೇ ಬರುತ್ತದೆ. ಶಿರಸಿ, ಸಾಗರ ಕಡೆಯ ನರ್ಸರಿಗಳಲ್ಲಿ ಗಿಡ ಸಿಗುತ್ತದೆ. ನಿಮ್ಮೂರ ಹೊಳೆಯಂಚಿನಲ್ಲೇ ಒಳ್ಳೆಯ ಮರ ಇದ್ದರೆ ಕಸಿ ಬಲ್ಲವರನ್ನು ಕರೆಸಿ ಅದರ ಕುಡಿ ತೆಗೆಸಿ. 14 ಮನೆಯ ಹಿತ್ತಿಲಿಗೆ ಎರಡೆರಡು ಗಿಡ ಹಾಕಿದರೂ 28 ಮರ. ಈ ಮಳೆಗಾಲದಲ್ಲೇ ಗುಂಡಿ ತೆಗೆಯಿರಿ.